ಆರು ವರ್ಷದೊಳಗಿನ ಮಕ್ಕಳ ವಿಶೇಷ ಶಿಕ್ಷಣ: ಸ್ನಾತಕೋತ್ತರ ಓದನ್ನು ಆರಿಸಿಕೊಳ್ಳುವಾಗ

(ಪದವಿ ಹಾಗೂ ಬಿ.ಎಡ್. ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಸಭೆಯಲ್ಲಿರುವವರಲ್ಲಿ ಹಲವರು ಬಿ.ಎಡ್. ಮುಗಿಸಿದ್ದೀರಿ, ಕೆಲವರು ಮನಃಶಾಸ್ತ್ರ ಅಥವಾ ಗೃಹವಿಜ್ಞಾನ ಓದಿದ್ದೀರಿ, ಮತ್ತೆ ಕೆಲವರು ವಿಶೇಷ ಶಾಲೆಗಳಲ್ಲಿ ಈಗಾಗಲೇ ಕೆಲಸ ಮಾಡುತ್ತಿದ್ದೀರಿ. ಉಪನ್ಯಾಸಕ್ಕೆ ಮೊದಲೇ ನೀವು ಬರೆದುಕೊಟ್ಟ ಪ್ರಶ್ನೆಗಳನ್ನು ಓದಿದ್ದೇನೆ. ಯಾವ ಸಂಸ್ಥೆ ಒಳ್ಳೆಯದು, ಯಾವ ಪದವಿಗೆ ಬೆಲೆ ಹೆಚ್ಚು, ವಿದೇಶಕ್ಕೆ ಹೋಗುವುದು ಲೇಸೇ ಎಂದು ಹೆಚ್ಚಿನವರು ಕೇಳಿದ್ದೀರಿ. ಅವಕ್ಕೆಲ್ಲ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ. ಆದರೆ ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳ ವಿಶೇಷ ಶಿಕ್ಷಣದಲ್ಲಿ ಸ್ನಾತಕೋತ್ತರ ಓದನ್ನು ಅಳೆಯುವುದಕ್ಕೆ ನನ್ನ ದೃಷ್ಟಿಯಲ್ಲಿ ಮುಖ್ಯವಾದ ಮಾನದಂಡ ಒಂದೇ: ಆ ಓದಿನ ಅವಧಿಯಲ್ಲಿ ನೀವು ಅಷ್ಟು ಚಿಕ್ಕ ಮಕ್ಕಳೊಂದಿಗೂ ಅವರ ಮನೆಯವರೊಂದಿಗೂ, ಅನುಭವಿಗಳ ಕಣ್ಣೆದುರಿನಲ್ಲಿ, ಆ ಮನೆಯ ಭಾಷೆಯಲ್ಲಿ, ಎಷ್ಟು ಕಾಲ ಕೆಲಸ ಮಾಡುತ್ತೀರಿ ಎಂಬುದು. ಸಂಸ್ಥೆಯ ಹೆಸರು, ಕಟ್ಟಡ, ಪಟ್ಟಿಗಳಲ್ಲಿ ಅದರ ಸ್ಥಾನ ಎಲ್ಲವೂ ಇದರ ನಂತರ ಬರುತ್ತವೆ.

ಹೀಗೆ ಹೇಳುವುದಕ್ಕೆ ಕಾರಣ ಈ ವಯಸ್ಸಿನ ಕೆಲಸದ ಸ್ವರೂಪದಲ್ಲೇ ಇದೆ. ಹತ್ತು ವರ್ಷದ ಮಗುವಿನ ವಿಶೇಷ ಶಿಕ್ಷಕಿಗೆ ಒಂದು ತರಗತಿ, ಒಂದು ವೇಳಾಪಟ್ಟಿ, ಒಂದು ಪಠ್ಯ ಇರುತ್ತದೆ. ಒಂದೂವರೆ ವರ್ಷದ ಮಗುವಿಗೆ ಇವು ಯಾವುವೂ ಇಲ್ಲ. ಅದರ ಕಲಿಕೆ ನಡೆಯುವುದು ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ, ಅಂಗಳದಲ್ಲಿ ಅಜ್ಜಿಯೊಂದಿಗೆ ಕುಳಿತಾಗ. ವಾರಕ್ಕೆ ಒಂದು ಗಂಟೆ ಆ ಮಗುವನ್ನು ನೋಡುವ ಶಿಕ್ಷಕಿ ಎಷ್ಟೇ ಕುಶಲಳಾದರೂ ಉಳಿದ ಎಚ್ಚರದ ಹೊತ್ತೆಲ್ಲ ಮಗು ಮನೆಯವರ ಕೈಯಲ್ಲಿರುತ್ತದೆ. ಆದ್ದರಿಂದ ಶಿಕ್ಷಕಿಯ ಮುಖ್ಯ ವಿದ್ಯೆ ತಾಯಿಗೆ, ತಂದೆಗೆ, ಅಜ್ಜಿಗೆ, ಅಂಗನವಾಡಿ ಕಾರ್ಯಕರ್ತೆಗೆ ದಾರಿ ತೋರಿಸುವುದಾಗಿರುತ್ತದೆ. ಈ ವಿದ್ಯೆ ಉಪನ್ಯಾಸ ಕೇಳುವುದರಿಂದ ಬರುವಂಥದ್ದಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಅಂಗಗಳ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಇರುವ ಎರಡು ವರ್ಷದ ಮಗುವಿಗೆ ತಾಯಿ ರಾಗಿ ಸರಿ ಕುಡಿಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಬಾಯಿಗೆ ಹೊಯ್ಯುವುದು ನಮ್ಮ ಅನೇಕ ಮನೆಗಳ ರೂಢಿ. ಈ ಮಗುವಿನ ಕುತ್ತಿಗೆ ಹಿಂದಕ್ಕೆ ಬಾಗಿದೆ, ಬೆನ್ನು ಬಿಲ್ಲಿನಂತೆ ಸೆಟೆದಿದೆ; ಹಾಗಿರುವಾಗ ನುಂಗುವುದು ಕಷ್ಟ, ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವೂ ಉಂಟು. ತಿಳಿದ ಶಿಕ್ಷಕಿ ಮೊದಲು ಮಾಡುವುದು ಸುಮ್ಮನೆ ನೋಡುವ ಕೆಲಸ. ಆಮೇಲೆ ಮಗುವನ್ನು ಕೂರಿಸಿ, ಸೊಂಟ ಮತ್ತು ಪಾದಗಳಿಗೆ ಆಸರೆ ಸಿಗುವಂತೆ ಮಡಚಿದ ಬೆಡ್‌ಶೀಟನ್ನೋ ಮಣೆಯನ್ನೋ ಹೊಂದಿಸಿ, ತಲೆ ನೆಟ್ಟಗಿದ್ದು ಗಲ್ಲ ತುಸು ಕೆಳಮುಖವಾಗುವಂತೆ ಹಿಡಿದು, ಚಮಚವನ್ನು ಮೇಲಿನಿಂದ ತರದೆ ಎದುರಿನಿಂದ ತಂದು, ಮಗು ಬಾಯಿ ಮುಚ್ಚಿ ನುಂಗುವವರೆಗೆ ಕಾಯುತ್ತಾಳೆ. ಎರಡನೆಯ ತುತ್ತಿಗೇ ಚಮಚವನ್ನು ತಾಯಿಯ ಕೈಗೆ ಕೊಟ್ಟು ತಾನು ಪಕ್ಕಕ್ಕೆ ಸರಿಯುತ್ತಾಳೆ. ಅದೇ ಹೊತ್ತಿನಲ್ಲಿ ತಾಯಿ "ಇನ್ನೂ ಬೇಕಾ?" ಎಂದು ಕೇಳಿ ಮಗುವಿನ ಕಣ್ಣೋಟಕ್ಕಾಗಿ ಕಾಯುವುದನ್ನು ಕಲಿತರೆ ಊಟವೇ ಮಾತಿನ ಪಾಠವೂ ಆಗುತ್ತದೆ. ಫಿಸಿಯೋಥೆರಪಿ, ವಾಕ್ ಚಿಕಿತ್ಸೆ, ಶಿಕ್ಷಣ, ಆಪ್ತ ಸಮಾಲೋಚನೆ ನಾಲ್ಕೂ ಆ ಹತ್ತು ನಿಮಿಷದಲ್ಲಿ ಒಂದಾಗಿವೆ. ನಿಮಗೆ ಬೇಕಾಗಿರುವುದು ಇದನ್ನು ಕಲಿಸಬಲ್ಲ ಓದು.

ಈಗ ನಮ್ಮ ದೇಶದ ವ್ಯವಸ್ಥೆಗೆ ಬರೋಣ. ಭಾರತದಲ್ಲಿ ವಿಶೇಷ ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವುದು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ನಾವೆಲ್ಲ ಆರ್‌ಸಿಐ ಎಂದು ಕರೆಯುವ ಸಂಸ್ಥೆ. 1992ರ ಕಾಯ್ದೆಯಿಂದ ಅದಕ್ಕೆ ಶಾಸನಬದ್ಧ ಅಧಿಕಾರ ದೊರೆತಿದೆ. ಪರಿಷತ್ತು ಮಾನ್ಯ ಮಾಡಿದ ಅರ್ಹತೆ ಪಡೆದು ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಾದವರು ಮಾತ್ರ ವಿಶೇಷ ಶಿಕ್ಷಕರಾಗಿ ವೃತ್ತಿ ನಡೆಸಬಹುದು. ಉಲ್ಲಂಘಿಸಿದರೆ ಒಂದು ವರ್ಷದವರೆಗಿನ ಸೆರೆವಾಸವನ್ನೂ ಕಾಯ್ದೆ ಹೇಳುತ್ತದೆ. ಇದನ್ನು ಮೊದಲಿಗೇ ಹೇಳುತ್ತಿರುವುದಕ್ಕೆ ಕಾರಣವಿದೆ. "ವಿಶೇಷ ಶಿಕ್ಷಣ", "ಚೈಲ್ಡ್ ಡೆವಲಪ್‌ಮೆಂಟ್", "ಇನ್‌ಕ್ಲೂಸಿವ್ ಎಜುಕೇಶನ್" ಎಂಬ ಆಕರ್ಷಕ ಹೆಸರಿನ ಕೋರ್ಸುಗಳು ಈಗ ಆನ್‌ಲೈನಿನಲ್ಲೂ ಧಾರಾಳವಾಗಿ ಸಿಗುತ್ತವೆ. ಅವುಗಳಿಂದ ತಿಳಿವಳಿಕೆ ಬರಬಹುದು, ನೋಂದಣಿ ಬರುವುದಿಲ್ಲ. ಪರಿಷತ್ತು ಸಂಸ್ಥೆಗಳಿಗೆ ಅನುಮೋದನೆ ಕೊಡುವುದು ನಿರ್ದಿಷ್ಟ ಕೋರ್ಸಿಗೆ, ನಿರ್ದಿಷ್ಟ ಅವಧಿಗೆ. ಹಾಗಾಗಿ ನೀವು ಸೇರುವ ವರ್ಷದಲ್ಲಿ, ನೀವು ಸೇರುವ ಕೋರ್ಸಿಗೆ ಆ ಅನುಮೋದನೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು. ಪ್ರವೇಶ ಕಚೇರಿಯವರ ಬಾಯಿಮಾತಿನ ಮೇಲೆ ಎರಡು ವರ್ಷವನ್ನು ಪಣಕ್ಕಿಡಬೇಡಿ.

ಮಾನ್ಯತೆ ಇದ್ದ ಮಾತ್ರಕ್ಕೆ ಆಯ್ಕೆ ಮುಗಿಯಿತೇ ಎಂದರೆ, ನಿಜವಾದ ಕಷ್ಟ ಆರಂಭವಾಗುವುದೇ ಅಲ್ಲಿ. ನಮ್ಮಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಮತ್ತು ಎಂ.ಎಡ್. ಪದವಿಗಳು ಬಹುಕಾಲದಿಂದ ಅಂಗವೈಕಲ್ಯದ ಬಗೆಯನ್ನು ಅನುಸರಿಸಿ ವಿಂಗಡಣೆಗೊಂಡಿವೆ: ಶ್ರವಣದೋಷಕ್ಕೆ ಒಂದು, ದೃಷ್ಟಿದೋಷಕ್ಕೆ ಒಂದು, ಬೌದ್ಧಿಕ ಅಸಾಮರ್ಥ್ಯಕ್ಕೆ ಒಂದು, ಹೀಗೆ. ಶಾಲಾ ವಯಸ್ಸಿನ ಮಕ್ಕಳಿಗೆ ಈ ವಿಂಗಡಣೆಯಲ್ಲಿ ಅರ್ಥವಿದೆ. ಬ್ರೈಲ್ ಕಲಿಸುವ ವಿದ್ಯೆ ಬೇರೆ, ಸನ್ನೆ ಭಾಷೆಯಲ್ಲಿ ಗಣಿತ ಕಲಿಸುವ ವಿದ್ಯೆ ಬೇರೆ. ಆದರೆ ಮೊದಲ ಮೂರು ವರ್ಷಗಳಲ್ಲಿ ಬಹಳಷ್ಟು ಮಕ್ಕಳಿಗೆ ಇನ್ನೂ ಯಾವ ಹೆಸರೂ ಅಂಟಿರುವುದಿಲ್ಲ. ಮಾತು ಬಾರದ ಎರಡು ವರ್ಷದ ಮಗುವಿಗೆ ಕಿವಿ ಕೇಳದಿರಬಹುದು, ಆಟಿಸಂ ಇರಬಹುದು, ಒಟ್ಟಾರೆ ಬೆಳವಣಿಗೆಯೇ ನಿಧಾನವಿರಬಹುದು, ಇಲ್ಲವೇ ಮಾತು ಮಾತ್ರ ತಡವಾಗಿರಬಹುದು. ಶ್ರವಣದೋಷವನ್ನಷ್ಟೇ ಓದಿದ ಶಿಕ್ಷಕಿಗೆ ಉಳಿದ ಸಾಧ್ಯತೆಗಳು ಹೊಳೆಯದೇ ಹೋಗಬಹುದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ ಅಂಗವೈಕಲ್ಯಗಳೇ 21. ಆರು ವರ್ಷದೊಳಗಿನ ಮಕ್ಕಳ ಕೆಲಸಕ್ಕೆ ಹೋಗುವವರಿಗೆ ಇವೆಲ್ಲದರ ಆರಂಭದ ಚಿಹ್ನೆಗಳಾದರೂ ಗೊತ್ತಿರಬೇಕು.

ಹಾಗಾದರೆ ಯಾವ ದಾರಿಗಳಿವೆ? ಕರ್ನಾಟಕದವರಿಗೆ ಮೊದಲು ನೆನಪಾಗುವುದು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. 1965ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಶ್ರವಣದೋಷದ ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮತ್ತು ಎಂ.ಎಡ್. ಓದಬಹುದು, ಆವರಣದಲ್ಲೇ ಪುಟ್ಟ ಮಕ್ಕಳ ಪೂರ್ವ ಪ್ರಾಥಮಿಕ ಕೇಂದ್ರವಿರುವುದು ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ. 1984ರಲ್ಲಿ ಸ್ಥಾಪನೆಯಾದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಈಗ ಎನ್‌ಐಇಪಿಐಡಿ ಎಂದು ಕರೆಯುವುದು, ಬೌದ್ಧಿಕ ಅಸಾಮರ್ಥ್ಯದ ಕ್ಷೇತ್ರದಲ್ಲಿ ಕೆಲಸ ಮಾಡುತ್ತದೆ. ನೇರವಾಗಿ ಅರ್ಲಿ ಇಂಟರ್ವೆನ್ಷನ್, ಅಂದರೆ ಎಳವೆಯಲ್ಲೇ ಕೊಡುವ ನೆರವಿನ ವಿಷಯದಲ್ಲೇ ಸ್ನಾತಕೋತ್ತರ ಡಿಪ್ಲೊಮಾವನ್ನೂ, ಅಂಗವೈಕಲ್ಯ ಅಧ್ಯಯನದ ಎಂ.ಎಸ್ಸಿ.ಯನ್ನೂ ರೂಪಿಸಿದ ಸಂಸ್ಥೆ ಅದು. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿರುವ ಎನ್‌ಐಇಪಿಎಂಡಿ ಬಹುವಿಧ ಅಂಗವೈಕಲ್ಯಗಳಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರವಿದೆ. ಈ ಸಂಸ್ಥೆಗಳಲ್ಲಿ ಯಾವ ವರ್ಷ ಯಾವ ಕೋರ್ಸಿಗೆ ಪ್ರವೇಶ ತೆರೆದಿರುತ್ತದೆ ಎಂಬುದು ಬದಲಾಗುತ್ತಿರುವುದರಿಂದ ಅಧಿಸೂಚನೆಗಳನ್ನು ನೀವೇ ನೋಡಬೇಕು.

ಇನ್ನೊಂದು ಗುಂಪಿನ ಓದುಗಳಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನದ ಸ್ನಾತಕೋತ್ತರ ಪದವಿ, ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣದ ಎಂ.ಎ., ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಎಂ.ಎ. ಇಂಥವು. ಚಿಕ್ಕ ಮಗು ಹೇಗೆ ಬೆಳೆಯುತ್ತದೆ, ಆಟದಿಂದ ಹೇಗೆ ಕಲಿಯುತ್ತದೆ ಎಂಬುದನ್ನು ಆಳವಾಗಿ ತಿಳಿಯಬೇಕೆಂಬವರಿಗೆ ಈ ದಾರಿ ಒಳ್ಳೆಯದು. ಅಂಗವೈಕಲ್ಯವನ್ನು ಮಾತ್ರ ಓದಿ ಸಹಜ ಬೆಳವಣಿಗೆಯನ್ನು ಸರಿಯಾಗಿ ನೋಡದವರು ಚಿಕ್ಕ ಮಕ್ಕಳ ವಿಷಯದಲ್ಲಿ ಎಡವುತ್ತಾರೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಈ ಪದವಿಗಳು ತಾವಾಗಿಯೇ ಪರಿಷತ್ತಿನ ನೋಂದಣಿಗೆ ಅರ್ಹತೆ ಕೊಡುವುದಿಲ್ಲ. ನೀತಿ, ಸಂಶೋಧನೆ, ಅಂಗನವಾಡಿ ಕಾರ್ಯಕರ್ತೆಯರ ತರಬೇತಿ, ಪಠ್ಯ ರಚನೆ ನಿಮ್ಮ ಗುರಿಯಾದರೆ ಇವನ್ನು ಆರಿಸಿಕೊಳ್ಳಿ. ಮಗುವಿನ ಎದುರು ಕೂರುವುದೇ ನಿಮ್ಮ ಗುರಿಯಾಗಿದ್ದರೆ ಮಾನ್ಯತೆಯಿರುವ ವಿಶೇಷ ಶಿಕ್ಷಣದ ಅರ್ಹತೆಯೊಂದು ಕೈಯಲ್ಲಿರಲೇಬೇಕು.

ಯಾವುದೇ ಸಂಸ್ಥೆಯ ಪಠ್ಯಕ್ರಮದ ಪುಸ್ತಿಕೆ ನಿಮ್ಮ ಕೈಗೆ ಬಂದಾಗ ಸಿದ್ಧಾಂತದ ಪತ್ರಿಕೆಗಳ ಪಟ್ಟಿಯನ್ನು ದಾಟಿ ಪ್ರಾಕ್ಟಿಕಲ್ಸ್ ವಿಭಾಗಕ್ಕೆ ಹೋಗಿ. ಅಲ್ಲಿ ಗಂಟೆಗಳ ಲೆಕ್ಕ ಇರುತ್ತದೆ, ಆದರೆ ಆ ಗಂಟೆಗಳು ಯಾರೊಂದಿಗೆ ಎಂಬುದು ಎಷ್ಟೋ ಸಲ ಇರುವುದಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಪಾಠ ಯೋಜನೆ ಬರೆದು ಮುಗಿಸಿದ ಗಂಟೆಗಳೂ ಅದೇ ಲೆಕ್ಕಕ್ಕೆ ಸೇರಿಬಿಡುತ್ತವೆ. ಮೂರು ವರ್ಷದೊಳಗಿನ ಮಕ್ಕಳನ್ನು ವಿದ್ಯಾರ್ಥಿಗಳು ನೋಡುತ್ತಾರೆಯೇ, ಒಂದೇ ಮಗುವಿನೊಂದಿಗೆ ಕೆಲವು ತಿಂಗಳಾದರೂ ನಿರಂತರವಾಗಿ ಕೆಲಸ ಮಾಡುತ್ತಾರೆಯೇ, ಮನೆ ಭೇಟಿ ಇದೆಯೇ, ವಿದ್ಯಾರ್ಥಿ ಕೆಲಸ ಮಾಡುವಾಗ ಮೇಲ್ವಿಚಾರಕರು ಕೋಣೆಯಲ್ಲಿ ಇರುತ್ತಾರೆಯೇ ಅಥವಾ ಬರೆದು ತಂದ ದಾಖಲೆ ಪುಸ್ತಕಕ್ಕೆ ಸಹಿ ಮಾತ್ರ ಹಾಕುತ್ತಾರೆಯೇ ಎಂಬುದನ್ನು ಬಿಡಿಬಿಡಿಯಾಗಿ ಕೇಳಬೇಕು. ಅಧ್ಯಾಪಕರನ್ನು ಕೇಳುವುದರ ಜೊತೆಗೆ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನೂ ಕೇಳಿ.

ಮೇಲ್ವಿಚಾರಣೆಗೆ ನಾನು ಇಷ್ಟು ಒತ್ತು ಕೊಡುವುದೇಕೆಂದರೆ ಈ ವಿದ್ಯೆಯ ಸೂಕ್ಷ್ಮಗಳು ಬೇರೊಬ್ಬರ ಕಣ್ಣಿಗೆ ಮಾತ್ರ ಕಾಣುವಂಥವು. ಮಾತು ಬಾರದ ಮಗುವಿಗೆ ಬಿಸ್ಕತ್ತು ತೋರಿಸಿ "ಏನು ಬೇಕು? ಬಿಸ್ಕತ್ತು ಬೇಕಾ? ಹೇಳು, ಹೇಳು" ಎಂದು ಹೊಸ ವಿದ್ಯಾರ್ಥಿನಿ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಮಗುವಿಗೆ ಉತ್ತರಿಸಲು ಎಡೆಯೇ ಸಿಗುವುದಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯ ಶಿಕ್ಷಕಿ ಮೆಲ್ಲಗೆ ಅವಳ ಮೊಣಕೈ ಮುಟ್ಟಿ ತಡೆಯುತ್ತಾರೆ. ಬಿಸ್ಕತ್ತು ಮಗುವಿನ ಕಣ್ಣಿನ ಮಟ್ಟದಲ್ಲಿದೆ, ಎಲ್ಲರೂ ಸುಮ್ಮನಿದ್ದಾರೆ, ಐದಾರು ಸೆಕೆಂಡು ಕಳೆಯುತ್ತದೆ. ಮಗು ಬಿಸ್ಕತ್ತು ನೋಡಿ, ಆಮೇಲೆ ವಿದ್ಯಾರ್ಥಿನಿಯ ಮುಖ ನೋಡುತ್ತದೆ. ಆ ನೋಟವೇ ಬೇಡಿಕೆ. ಆಗ "ಕೊಡು" ಎಂಬ ಒಂದೇ ಪದ ಹೇಳಿ ಬಿಸ್ಕತ್ತು ಕೊಟ್ಟರೆ ಸಂವಹನದ ಮೊದಲ ಮೆಟ್ಟಿಲು ಕಟ್ಟಿದಂತಾಯಿತು. ಕಾಯಬೇಕು ಎಂದು ಪುಸ್ತಕದಲ್ಲಿ ಓದಿದ್ದ ಅದೇ ವಿದ್ಯಾರ್ಥಿನಿಗೆ ತಾನು ಕಾಯುತ್ತಿಲ್ಲವೆಂಬುದು ಯಾರಾದರೂ ಮುಟ್ಟಿ ತೋರಿಸುವ ತನಕ ತಿಳಿದಿರಲಿಲ್ಲ.

ಭಾಷೆಯ ಮಾತು ಇಲ್ಲಿಯೇ ಬರುತ್ತದೆ. ಕೋರ್ಸಿನ ಬೋಧನೆ ಇಂಗ್ಲಿಷಿನಲ್ಲಿ ನಡೆಯುವುದನ್ನು ಸದ್ಯಕ್ಕೆ ತಪ್ಪಿಸಲಾಗದು. ಆದರೆ ಅಭ್ಯಾಸ ನಡೆಯುವ ಸ್ಥಳದಲ್ಲಿ ತಾಯಂದಿರು ಆಡುವ ಭಾಷೆ ನಿಮಗೆ ಬರಬೇಕು, ಮೇಲ್ವಿಚಾರಕರಿಗೂ ಬರಬೇಕು. ಕಲಬುರಗಿ ಕಡೆಯ ತಾಯಿ ಮಗುವನ್ನು ಮಾತಾಡಿಸುವ ಕನ್ನಡವೇ ಬೇರೆ, ಮಂಗಳೂರು ಕಡೆಯ ಮನೆಯಲ್ಲಿ ತುಳುವೋ ಬ್ಯಾರಿಯೋ ಇರುತ್ತದೆ, ಬಳ್ಳಾರಿಯಲ್ಲಿ ತೆಲುಗಿರಬಹುದು. ಮಾತು ತಡವಾದ ಮಗುವಿನ ಮನೆಯವರಿಗೆ "ಇಂಗ್ಲಿಷಿನಲ್ಲೇ ಮಾತಾಡಿ, ಶಾಲೆಗೆ ಅನುಕೂಲ" ಎಂದು ಸಲಹೆ ಕೊಡುವವರು ಇಂದಿಗೂ ಇದ್ದಾರೆ. ತನಗೆ ಸರಾಗವಾಗಿ ಬಾರದ ಭಾಷೆಯಲ್ಲಿ ತಾಯಿ ಮಗುವಿಗೆ ಕಥೆ ಹೇಳಲಾರಳು, ಲಾಲಿ ಹಾಡಲಾರಳು, ಆ ಸಲಹೆಯಿಂದ ಮನೆಯ ಮಾತೇ ಕಡಿಮೆಯಾಗುತ್ತದೆ. ತಪಾಸಣೆಯ ಸಾಧನಗಳ ವಿಷಯದಲ್ಲೂ ಹೀಗೆಯೇ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂನ ಸುಳಿವು ಹುಡುಕುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಲೋಕವಿಖ್ಯಾತವಾಗಿದೆ. ನಮ್ಮಲ್ಲೇ ಹುಟ್ಟಿದವೂ ಇವೆ: ತಿರುವನಂತಪುರದ 17 ಅಂಶಗಳ ಬೆಳವಣಿಗೆಯ ತಪಾಸಣಾ ಪಟ್ಟಿ, ಡಾ. ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಆರಂಭಿಸಿದ ಕಾಮ್ ಡೀಲ್ ಕಾರ್ಯಕ್ರಮದ ಬೆಳವಣಿಗೆಯ ಪಟ್ಟಿ ಮುಂತಾದವು. ಒಳ್ಳೆಯ ಕೋರ್ಸು ಇವೆರಡು ಬಗೆಯನ್ನೂ ನಿಮ್ಮ ಕೈಯಲ್ಲಿ ಬಳಸಿಸುತ್ತದೆ, ಫಲಿತಾಂಶವನ್ನು ತಾಯಿಗೆ ಅವಳ ಮಾತಿನಲ್ಲಿ ತಿಳಿಹೇಳುವುದನ್ನೂ ಅಭ್ಯಾಸ ಮಾಡಿಸುತ್ತದೆ.

ಮನೆಯವರನ್ನು ಕಲಿಕೆಯ ಕೇಂದ್ರದಲ್ಲಿಟ್ಟ ಮಾದರಿಗಳಿಗಾಗಿ ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ ಕಿವುಡ ಮಕ್ಕಳ ಪೋಷಕರ ಸಂಘ ನಡೆಸುವ ಶಾಲೆಯಲ್ಲಿ ತಾಯಂದಿರೂ ಮಕ್ಕಳ ಜೊತೆಗೇ ಬಂದು ತರಬೇತಿ ಪಡೆಯುತ್ತಾರೆ. ಚೆನ್ನೈನ ಬಾಲವಿದ್ಯಾಲಯ ಶಾಲೆ ಕಿವುಡ ಶಿಶುಗಳನ್ನು ತಾಯಂದಿರೊಂದಿಗೇ ಸೇರಿಸಿಕೊಂಡು ಭಾಷೆ ಕಲಿಸುತ್ತ ಬಂದಿದೆ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ ಎಂಬುದು ಶ್ರವಣ ತಜ್ಞರು ಒಪ್ಪಿದ ಗುರಿ. ಆ ಗುರಿ ಸಾರ್ಥಕವಾಗಬೇಕಾದರೆ ಆರು ತಿಂಗಳ ಕೂಸಿನ ಎದುರು ಕುಳಿತು ಏನು ಮಾಡಬೇಕೆಂದು ತಿಳಿದ ಶಿಕ್ಷಕಿ ಇರಬೇಕಲ್ಲವೇ? ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಅಳವಡಿಸುವ ಶ್ರವಣ ಸಾಧನ) ಶಸ್ತ್ರಚಿಕಿತ್ಸೆಯ ನಂತರವೂ ಮಗು ಕೇಳಲು, ಮಾತಾಡಲು ಕಲಿಯುವುದು ತಿಂಗಳುಗಟ್ಟಲೆ ನಡೆಯುವ ತರಬೇತಿಯಿಂದಲೇ. ಇಂಥ ಸ್ಥಳಗಳೊಂದಿಗೆ ನಂಟಿರುವ ಕೋರ್ಸನ್ನು ನಾನು ಯಾವ ಅಳುಕೂ ಇಲ್ಲದೆ ಮೇಲಿಡುತ್ತೇನೆ.

ಉದ್ಯೋಗದ ವಿಷಯವನ್ನು ಮರೆಮಾಚದೆ ಹೇಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ಕೊಟ್ಟು ಮಕ್ಕಳನ್ನು ಪರೀಕ್ಷಿಸಬೇಕು, ತೊಂದರೆ ಕಂಡವರನ್ನು ಡಿಇಐಸಿ, ಅಂದರೆ ಜಿಲ್ಲಾ ಮಟ್ಟದ ಅರ್ಲಿ ಇಂಟರ್ವೆನ್ಷನ್ ಕೇಂದ್ರಕ್ಕೆ ಕಳುಹಿಸಬೇಕು. ಆ ಕೇಂದ್ರದ ತಂಡದಲ್ಲಿ ವಿಶೇಷ ಶಿಕ್ಷಕರಿಗೂ ಒಂದು ಸ್ಥಾನವಿದೆ. 2023ರ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಅಂಗನವಾಡಿ ಕಾರ್ಯವಿಧಾನವನ್ನು ಬಿಡುಗಡೆ ಮಾಡಿತು. ಶಾಲೆಗಳ ವಿಷಯದಲ್ಲಿ, ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು, ಸುಪ್ರೀಂ ಕೋರ್ಟಿನ 2021ರ ತೀರ್ಪಿನ ನಂತರ, ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆಯ ಮೂಲಕ ಗೊತ್ತುಪಡಿಸಿತು. ನಮ್ಮ ತಾಲ್ಲೂಕುಗಳಲ್ಲಿ ಬಿಐಇಆರ್‌ಟಿ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರು ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗಳಿಗೂ ಹೋಗುತ್ತಾರೆ. ಅವಕಾಶ ಬೆಳೆಯುತ್ತಿದೆ ಎಂಬುದು ನಿಜ. ಆದರೆ 2016ರ ಕಾಯ್ದೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿರುವುದು ಆರರಿಂದ ಹದಿನೆಂಟು ವರ್ಷದವರಿಗೆ. ಅದಕ್ಕಿಂತ ಚಿಕ್ಕವರು ಆರೋಗ್ಯ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ವಿಕಲಚೇತನರ ಇಲಾಖೆಗಳ ನಡುವೆ ಹಂಚಿಹೋಗುತ್ತಾರೆ. ಇದರಿಂದಾಗಿ ಈ ವಯಸ್ಸಿನವರ ಹುದ್ದೆಗಳು ಚದುರಿವೆ, ಅನೇಕವು ಗುತ್ತಿಗೆ ಆಧಾರದವು. ಇದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ, ಅದು ಬದಲಾಗಬೇಕೆಂದು ಒತ್ತಾಯಿಸುತ್ತೇನೆ. ಆದರೂ ಸಾಲ ಮಾಡಿ ದುಬಾರಿ ಶುಲ್ಕ ಕಟ್ಟುವ ಮುನ್ನ ಈ ಸ್ಥಿತಿ ನಿಮಗೆ ತಿಳಿದಿರಲಿ. ರಾಷ್ಟ್ರೀಯ ಸಂಸ್ಥೆಗಳಲ್ಲಿ ಶುಲ್ಕದ ಹೊರೆ ಖಾಸಗಿ ವಿಶ್ವವಿದ್ಯಾಲಯಗಳಿಗಿಂತ ಸಾಮಾನ್ಯವಾಗಿ ಕಡಿಮೆ.

ಅಮೆರಿಕದ ಬಗ್ಗೆ ಕೇಳಿದವರಿಗೆ ಈಗ ಉತ್ತರ. ಅಲ್ಲಿ ಈ ಕ್ಷೇತ್ರ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿರುವುದಕ್ಕೆ ಕಾನೂನೇ ಕಾರಣ. 1975ರ ಕಾಯ್ದೆ ಅಂಗವೈಕಲ್ಯವಿರುವ ಮಕ್ಕಳ ಶಾಲಾ ಶಿಕ್ಷಣಕ್ಕೆ ಅಡಿಪಾಯ ಹಾಕಿತು. 1986ರ ತಿದ್ದುಪಡಿ ಹುಟ್ಟಿನಿಂದ ಮೂರು ವರ್ಷದೊಳಗಿನ ಮಕ್ಕಳ ಸೇವೆಗೆ ದಾರಿ ತೆರೆದು, ಮೂರರಿಂದ ಐದು ವರ್ಷದವರ ಸೇವೆಯನ್ನು ಬಲಪಡಿಸಿತು. ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿ ಸಿದ್ಧವಾಗುವುದು ಇಡೀ ಕುಟುಂಬದ ಸೇವಾ ಯೋಜನೆ, ಆನಂತರ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ. ಈ ಕ್ಷೇತ್ರಕ್ಕೆಂದೇ ರೂಪಿಸಿದ ವೃತ್ತಿ ಮಾನದಂಡಗಳೂ 2020ರಿಂದ ಅಲ್ಲಿವೆ. ಆದರೆ ಶಿಕ್ಷಕರ ಪರವಾನಗಿ ಕೊಡುವುದು ಆಯಾ ರಾಜ್ಯ. ಉತ್ತರ ಕೆರೊಲಿನಾದಲ್ಲಿ ಹುಟ್ಟಿನಿಂದ ಕಿಂಡರ್‌ಗಾರ್ಟನ್‌ವರೆಗಿನ ಪರವಾನಗಿ ಇದ್ದರೆ ಬೇರೆ ರಾಜ್ಯದಲ್ಲಿ ವಯಸ್ಸಿನ ಮಿತಿಯೇ ಬೇರೆ ಇರುತ್ತದೆ. ಮದುವೆಯಾಗಿ ಅಥವಾ ಸಂಗಾತಿಯ ಉದ್ಯೋಗದ ಕಾರಣಕ್ಕೆ ಅಲ್ಲಿಗೆ ಹೋಗಿ ನೆಲೆಸುವ ನಮ್ಮವರು ಓದುವ ರಾಜ್ಯ ಒಂದು, ಬದುಕುವ ರಾಜ್ಯ ಇನ್ನೊಂದು ಆಗುವ ಸಾಧ್ಯತೆಯನ್ನು ಮೊದಲೇ ಯೋಚಿಸಬೇಕು. ಆನ್‌ಲೈನ್ ಪದವಿಯಾದರೆ ಅದು ನೀವಿರುವ ರಾಜ್ಯದ ಪರವಾನಗಿಗೆ ಸಲ್ಲುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಈ ಕ್ಷೇತ್ರದ ಓದಿಗೆ ಅಲ್ಲಿನ ಕೇಂದ್ರ ಸರ್ಕಾರ ವಿಶ್ವವಿದ್ಯಾಲಯಗಳ ಮೂಲಕ ಕೊಡುವ ತರಬೇತಿ ಧನಸಹಾಯ ಸಾಮಾನ್ಯವಾಗಿ ಆ ದೇಶದ ಪ್ರಜೆಗಳಿಗೆ ಮತ್ತು ಖಾಯಂ ನಿವಾಸಿಗಳಿಗೆ. ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರು ಅದನ್ನು ನೆಚ್ಚಿಕೊಳ್ಳಬಾರದು. ಓದಿ ಹಿಂದಿರುಗುವ ಇರಾದೆಯಿದ್ದರೆ ಇಲ್ಲಿ ಪರಿಷತ್ತಿನ ಮಾನ್ಯತೆಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕಾಗುತ್ತದೆ ಎಂಬುದೂ ನೆನಪಿರಲಿ.

ಕೊನೆಯದಾಗಿ ಒಂದು ಪ್ರಾಯೋಗಿಕ ಸಲಹೆ. ಅರ್ಜಿ ಹಾಕುವುದಕ್ಕೆ ಮೊದಲು ನಿಮ್ಮ ಜಿಲ್ಲೆಯ ಡಿಇಐಸಿ ಕೇಂದ್ರಕ್ಕೋ ಹತ್ತಿರದ ಅರ್ಲಿ ಇಂಟರ್ವೆನ್ಷನ್ ಕೇಂದ್ರಕ್ಕೋ ಹೋಗಿ, ಅಲ್ಲಿನವರ ಮತ್ತು ಪೋಷಕರ ಒಪ್ಪಿಗೆ ಪಡೆದು, ಕೆಲವು ವಾರ ಬೆಳಗಿನ ಹೊತ್ತು ಮೂಲೆಯಲ್ಲಿ ಕುಳಿತು ನೋಡಿ. ಸೇರಬೇಕೆಂದಿರುವ ಸಂಸ್ಥೆಗೂ ಪ್ರವೇಶ ಮೇಳದ ದಿನ ಬಿಟ್ಟು ಮಾಮೂಲಿ ಕೆಲಸದ ದಿನ ಭೇಟಿ ಕೊಡಿ. ಅಭ್ಯಾಸದ ಕೋಣೆಯಲ್ಲಿ ಆಟಿಕೆಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿವೆಯೇ ಅಥವಾ ಮಕ್ಕಳ ಕೈಗೆ ಸಿಗುವಂತೆ ನೆಲದ ಮೇಲಿವೆಯೇ, ತಾಯಂದಿರು ಬಾಗಿಲ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾರೆಯೇ ಅಥವಾ ಒಳಗೆ ಮಕ್ಕಳ ಪಕ್ಕದಲ್ಲಿ ಕುಳಿತಿದ್ದಾರೆಯೇ ಎಂಬುದನ್ನು ಗಮನಿಸಿ. ತಾಯಂದಿರು ಹೊರಗಿರುವ ಕಡೆ ನಾನಾದರೆ ಅರ್ಜಿ ಹಾಕುವುದಿಲ್ಲ.